ಕೆಲವೇ ಮಾದರಿ, ದೊಡ್ಡ ನಿರ್ಧಾರ: ಕೈಗಾರಿಕೆಯ ಲೆಕ್ಕಾಚಾರ ಕುರಿತ ಓದುಗರ ಪ್ರಶ್ನೆಗಳಿಗೆ ಉತ್ತರ

ತುಮಕೂರು, ಕೋಲಾರ ಮತ್ತು ಚಿಕ್ಕಬಳ್ಳಾಪುರ ಜಿಲ್ಲೆಗಳಿಂದ ಬಂದಿರುವ ಪತ್ರಗಳಲ್ಲಿ ಏಳನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇನೆ. ಬರೆದವರ ಕಸುಬುಗಳು ಬೇರೆ ಬೇರೆಯಾಗಿದ್ದರೂ, ಪೂರ್ತಿ ಮಾಹಿತಿ ಕೈಯಲ್ಲಿ ಇಲ್ಲದಿರುವಾಗ ಹಣ ಹೂಡುವ ನಿರ್ಧಾರವನ್ನು ಹೇಗೆ ತೆಗೆದುಕೊಳ್ಳಬೇಕೆಂಬ ಕಳವಳ ಎಲ್ಲ ಪತ್ರಗಳಲ್ಲೂ ಇದೆ. ಪತ್ರಗಳನ್ನು ಸಂಕ್ಷೇಪಿಸಿದ್ದೇನೆ. ಉತ್ತರಗಳಲ್ಲಿ ಬರುವ ಬೆಲೆ ಮತ್ತು ಅಳತೆಗಳು ಲೆಕ್ಕವನ್ನು ತೋರಿಸುವುದಕ್ಕಾಗಿ ಇಟ್ಟುಕೊಂಡ ಉದಾಹರಣೆಗಳು. ಓದುಗರು ತಮ್ಮ ತಮ್ಮ ಅಂಕಿಗಳನ್ನು ಆ ಜಾಗದಲ್ಲಿ ಹಾಕಿಕೊಳ್ಳಬೇಕು.

ಪ್ರಶ್ನೆ: ನಮ್ಮದು ಸಿ.ಎನ್.ಸಿ. (ಕಂಪ್ಯೂಟರ್ ನಿಯಂತ್ರಿತ) ಲೇತ್‌ಗಳಲ್ಲಿ ವಾಹನಗಳ ಬಿಡಿಭಾಗ ತಯಾರಿಸುವ ಸಣ್ಣ ಘಟಕ. 2000 ಪಿನ್‌ಗಳ ಪ್ರತಿ ಲಾಟ್‌ನಿಂದ 50 ಪಿನ್ ತೆಗೆದು ಗೇಜ್ ಹಾಕಿ ನೋಡುತ್ತೇವೆ. ಐವತ್ತೂ ಸರಿಯಾಗಿದ್ದರೆ ಮಾತ್ರ ಕಳುಹಿಸುತ್ತೇವೆ. ಆದರೂ ಗ್ರಾಹಕರಿಂದ ಲಾಟ್‌ಗಳು ರಿಜೆಕ್ಟ್ ಆಗಿ ವಾಪಸು ಬರುತ್ತಿವೆ. ಇನ್ನೆಷ್ಟು ಪಿನ್‌ಗಳನ್ನು ಪರೀಕ್ಷಿಸಬೇಕು?
— ಓದುಗರು, ವಸಂತನರಸಾಪುರ, ತುಮಕೂರು

ಉತ್ತರ: ಮೊದಲು ನಿಮ್ಮ ಈಗಿನ ಪರೀಕ್ಷೆಯ ಶಕ್ತಿ ಎಷ್ಟೆಂದು ನೋಡೋಣ. ಲಾಟ್‌ನಲ್ಲಿ ಶೇ. 1ರಷ್ಟು, ಅಂದರೆ 20 ಪಿನ್‌ಗಳು ದೋಷಪೂರಿತವಾಗಿವೆ ಎಂದಿಟ್ಟುಕೊಳ್ಳಿ. 50 ಪಿನ್‌ಗಳನ್ನು ತೆಗೆದಾಗ ಅವುಗಳಲ್ಲಿ ಒಂದೂ ದೋಷದ ಪಿನ್ ಸಿಗದಿರುವ ಸಂಭವನೀಯತೆ 0.99ನ್ನು ಐವತ್ತು ಬಾರಿ ಗುಣಿಸಿದಷ್ಟು, ಅಂದರೆ ಸುಮಾರು 0.60. ಹಾಗಾಗಿ ಇಂತಹ ನೂರು ಲಾಟ್‌ಗಳಲ್ಲಿ ಸುಮಾರು ಅರವತ್ತು ನಿಮ್ಮ ಪರೀಕ್ಷೆಯಲ್ಲಿ ಪಾಸಾಗಿ ಹೊರಗೆ ಹೋಗುತ್ತವೆ. ಪರೀಕ್ಷಿಸಿದ ವಸ್ತುಗಳಲ್ಲಿ ಒಂದೂ ದೋಷ ಕಾಣದಿದ್ದಾಗ, ಮೂರನ್ನು ಮಾದರಿಯ ಸಂಖ್ಯೆಯಿಂದ ಭಾಗಿಸಿದರೆ ದೋಷದ ಪ್ರಮಾಣ ಎಷ್ಟರವರೆಗೆ ಇರಬಹುದೆಂಬ ಮೇಲ್ಮಿತಿಯು ಶೇ. 95ರ ಭರವಸೆಯೊಂದಿಗೆ ಸಿಗುತ್ತದೆ ಎಂಬ ಸುಲಭ ಸೂತ್ರವೊಂದಿದೆ. 50ರಲ್ಲಿ ಶೂನ್ಯ ಬಂದರೆ ಆ ಮಿತಿ ಶೇ. 6. ಅದನ್ನು ಶೇ. 1ಕ್ಕೆ ಇಳಿಸಬೇಕಾದರೆ ಪ್ರತಿ ಲಾಟ್‌ನಿಂದ ಸುಮಾರು 300 ಪಿನ್‌ಗಳನ್ನು ನೋಡಬೇಕು. ಸಣ್ಣ ಘಟಕಕ್ಕೆ ಇದು ಭಾರವಾದ ಖರ್ಚು ಎಂಬುದನ್ನು ಬಲ್ಲೆ.

ಆದುದರಿಂದ ಹೆಚ್ಚು ಪಿನ್‌ಗಳನ್ನು ನೋಡುವ ಬದಲು, ನೋಡಿದ ಪ್ರತಿ ಪಿನ್‌ನಿಂದ ಹೆಚ್ಚು ಮಾಹಿತಿ ಪಡೆಯುವುದು ಉತ್ತಮ ದಾರಿ. ಗೋ–ನೋ ಗೋ ಗೇಜ್ ‘ಸರಿ’ ಅಥವಾ ‘ತಪ್ಪು’ ಎಂದಷ್ಟೇ ಹೇಳುತ್ತದೆ. ಮೈಕ್ರೋಮೀಟರ್ ಎಷ್ಟು ಸರಿ, ಎಷ್ಟು ತಪ್ಪು ಎಂಬುದನ್ನೂ ಹೇಳುತ್ತದೆ. ಪಿನ್‌ನ ವ್ಯಾಸ 20 ಮಿ.ಮೀ. ಇರಬೇಕು, 0.05 ಮಿ.ಮೀ. ಹೆಚ್ಚುಕಡಿಮೆ ನಡೆಯುತ್ತದೆ ಎನ್ನೋಣ. ಅಳೆದು ನೋಡಿದಾಗ ಸರಾಸರಿ 20.02, ಮಾನಕ ವಿಚಲನೆ (ಅಳತೆಗಳು ಸರಾಸರಿಯ ಸುತ್ತ ಎಷ್ಟು ಚದುರಿವೆ ಎಂಬುದರ ಸೂಚಕ) 0.015 ಎಂದು ಬಂದರೆ, ಅಳತೆಗಳು ಗಂಟೆಯಾಕಾರದ ರೇಖೆಯನ್ನು ಅನುಸರಿಸುವ ಪಕ್ಷದಲ್ಲಿ, ಸುಮಾರು ಶೇ. 2.3ರಷ್ಟು ಪಿನ್‌ಗಳು ಮೇಲಿನ ಮಿತಿಯನ್ನು ದಾಟುತ್ತವೆ, 2000ರಲ್ಲಿ 46. ನಿಮ್ಮ ಐವತ್ತರ ಪೈಕಿ ಒಂದೂ ಗೇಜ್‌ನಲ್ಲಿ ಸಿಕ್ಕಿಬೀಳದೆ ಇದ್ದರೂ, ಆ ಐವತ್ತು ಅಳತೆಗಳು ಈ ಸುದ್ದಿಯನ್ನು ಆಗಲೇ ಹೇಳಿರುತ್ತವೆ. ಪರಿಹಾರವೂ ಅಲ್ಲಿಯೇ ಇದೆ. ಯಂತ್ರದ ಆಫ್‌ಸೆಟ್ ಅನ್ನು (ಟೂಲ್‌ನ ಸ್ಥಾನವನ್ನು ಹೊಂದಿಸುವ ಅಂಕಿಯನ್ನು) 0.02ರಷ್ಟು ಸರಿಪಡಿಸಿ ಸರಾಸರಿಯನ್ನು 20ಕ್ಕೆ ತಂದರೆ, ಅದೇ ಯಂತ್ರ, ಅದೇ ಟೂಲ್, ಅದೇ ಆಪರೇಟರ್ ಇದ್ದರೂ 2000ರಲ್ಲಿ ಮಿತಿ ಮೀರುವ ಪಿನ್‌ಗಳು ಸರಾಸರಿ ಎರಡಕ್ಕೆ ಇಳಿಯುತ್ತವೆ.

ಇಲ್ಲಿ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕಾಗಿದೆ, ಏಕೆಂದರೆ ಶ್ರದ್ಧೆಯಿರುವ ಆಪರೇಟರ್‌ಗಳೇ ಈ ಬಲೆಗೆ ಬೀಳುತ್ತಾರೆ. ಪ್ರತಿ ಪಿನ್ ಅಳೆದು, ಅದು 0.01 ದಪ್ಪ ಬಂದರೆ ಆಫ್‌ಸೆಟ್‌ನಲ್ಲಿ 0.01 ಕಡಿಮೆ ಮಾಡುತ್ತ ಹೋದರೆ, ಯಂತ್ರದ ಸಹಜ ಏರುಪೇರಿನ ಮೇಲೆ ನಮ್ಮ ಕೈಯಾರೆ ಮಾಡಿದ ಏರುಪೇರೂ ಸೇರಿಕೊಂಡು ಮಾನಕ ವಿಚಲನೆ 1.41 ಪಟ್ಟು ಹಿಗ್ಗುತ್ತದೆ. ಮೇಲಿನ ಉದಾಹರಣೆಯಲ್ಲಿ ಎರಡಕ್ಕೆ ಇಳಿದಿದ್ದ ದೋಷದ ಪಿನ್‌ಗಳು ಆಗ 2000ಕ್ಕೆ 35ನ್ನೂ ಮೀರುತ್ತವೆ. ಹಾಗಾದರೆ ಯಾವಾಗ ಕೈ ಹಾಕಬೇಕು, ಯಾವಾಗ ಬಿಡಬೇಕು? ಈ ಪ್ರಶ್ನೆಗೆ ವಾಲ್ಟರ್ ಶೂಹಾರ್ಟ್ ಎಂಬ ವಿಜ್ಞಾನಿ 1924ರಲ್ಲಿ ರೂಪಿಸಿದ ಕಂಟ್ರೋಲ್ ಚಾರ್ಟ್ ಉತ್ತರ ಕೊಡುತ್ತದೆ. ಗಂಟೆಗೊಮ್ಮೆ ಸತತ ಐದು ಪಿನ್‌ಗಳನ್ನು ಅಳೆದು ಅವುಗಳ ಸರಾಸರಿಯನ್ನೂ, ಗರಿಷ್ಠ–ಕನಿಷ್ಠಗಳ ಅಂತರವನ್ನೂ ಹಾಳೆಯಲ್ಲಿ ಗುರುತಿಸಿ. ಮೊದಲೇ ಲೆಕ್ಕ ಹಾಕಿಟ್ಟ ಮಿತಿಗೆರೆಗಳನ್ನು ಚುಕ್ಕೆ ದಾಟಿದಾಗ ಮಾತ್ರ ಯಂತ್ರಕ್ಕೆ ಕೈ ಹಾಕಿ. ಶೂಹಾರ್ಟ್ ಅವರು ಭಾರತೀಯ ಸಾಂಖ್ಯಿಕ ಸಂಸ್ಥೆಯ ಸ್ಥಾಪಕ ಮಹಾಲನೋಬಿಸ್ ಅವರ ಆಹ್ವಾನದ ಮೇರೆಗೆ 1947–48ರಲ್ಲಿ ಭಾರತಕ್ಕೆ ಬಂದಿದ್ದರು, ಮತ್ತು ಆ ಸಂಸ್ಥೆಯು ಮುಂದಿನ ದಶಕದಲ್ಲಿ ದೇಶದ ಕಾರ್ಖಾನೆಗಳಲ್ಲಿ ಗುಣಮಟ್ಟ ನಿಯಂತ್ರಣದ ಕೆಲಸವನ್ನು ವಿಸ್ತರಿಸಿತು. ನೂರು ವರ್ಷ ಹಳೆಯದಾದ ಈ ಹಾಳೆಗೆ ದುಬಾರಿ ಸಾಫ್ಟ್‌ವೇರ್ ಬೇಕಿಲ್ಲ. ಯಂತ್ರದ ಪಕ್ಕದಲ್ಲಿ ಒಂದು ಪೆನ್ಸಿಲ್ ತೂಗುಹಾಕಿದರೆ ಸಾಕು.

ಪ್ರಶ್ನೆ: ನಮ್ಮ ಭಟ್ಟಿಯಿಂದ ಬರುವ ಟೈಲ್‌ಗಳ ಅಳತೆ ಒಂದೇ ಸಮನಾಗಿ ಇರುವುದಿಲ್ಲ. ಮಣ್ಣಿನ ಮಿಶ್ರಣ, ನೀರಿನ ಪ್ರಮಾಣ, ಒಣಗಿಸುವ ಅವಧಿ, ಜೋಡಿಸುವ ಕ್ರಮ, ಉರಿಯ ವೇಗ ಹೀಗೆ ಒಂದೊಂದನ್ನೇ ಬದಲಿಸಿ ನೋಡುತ್ತಿದ್ದೇವೆ. ವರ್ಷ ಕಳೆದರೂ ಒಂದು ತೀರ್ಮಾನಕ್ಕೆ ಬರಲಾಗಿಲ್ಲ. ವೈಜ್ಞಾನಿಕ ಕ್ರಮವೆಂದರೆ ಒಂದು ಸಲಕ್ಕೆ ಒಂದನ್ನೇ ಬದಲಿಸುವುದಲ್ಲವೇ?
— ಓದುಗರು, ಮಾಲೂರು

ಉತ್ತರ: ಶಾಲೆಯಲ್ಲಿ ನಮಗೆಲ್ಲ ಹಾಗೆಯೇ ಕಲಿಸಿದ್ದಾರೆ. ಆದರೆ ಕಾರ್ಖಾನೆಯಲ್ಲಿ ಆ ಕ್ರಮವು ದುಬಾರಿಯಾದದ್ದು ಎಂದು ಸಂಖ್ಯಾಶಾಸ್ತ್ರ ತೋರಿಸಿಕೊಟ್ಟಿದೆ. ಏಳು ಅಂಶಗಳಿವೆ, ಪ್ರತಿಯೊಂದಕ್ಕೂ ಎರಡು ಆಯ್ಕೆಗಳಿವೆ ಎನ್ನೋಣ. ಎಲ್ಲ ಜೋಡಣೆಗಳನ್ನೂ ಪ್ರಯತ್ನಿಸಿದರೆ 128 ಸಲ ಭಟ್ಟಿ ಹಚ್ಚಬೇಕು. ಒಂದೊಂದಾಗಿ ಬದಲಿಸಿದರೆ ಎಂಟು ಸಲ ಸಾಕು, ನಿಜ. ಆದರೆ ಆಗ ಪ್ರತಿ ಅಂಶದ ಕುರಿತ ತೀರ್ಪು ಒಂದು ಸುಡುವಿಕೆಗೆ ಎದುರಾಗಿ ಇನ್ನೊಂದು ಸುಡುವಿಕೆ ಎಂಬಷ್ಟು ತೆಳುವಾದ ಆಧಾರದ ಮೇಲೆ ನಿಂತಿರುತ್ತದೆ, ಮತ್ತು ಆ ಎರಡರ ನಡುವೆ ಮಳೆ ಬಂದಿದ್ದರೆ ವ್ಯತ್ಯಾಸಕ್ಕೆ ಕಾರಣ ಮಣ್ಣೋ ಹವೆಯೋ ಎಂದು ತಿಳಿಯುವುದಿಲ್ಲ.

ಇದಕ್ಕೆ ಉಪಾಯ ಕೊಟ್ಟ ಗಣಿತದಲ್ಲಿ ಕನ್ನಡನಾಡಿನಲ್ಲಿ ಹುಟ್ಟಿದ ವಿದ್ವಾಂಸರೊಬ್ಬರ ಪಾಲು ದೊಡ್ಡದು. 1920ರಲ್ಲಿ ಹೂವಿನಹಡಗಲಿಯಲ್ಲಿ ಜನಿಸಿದ ಸಿ.ಆರ್. ರಾವ್ ಅವರು 1940ರ ದಶಕದಲ್ಲಿ ‘ಆರ್ಥೊಗೊನಲ್ ಅರೇ’ ಎಂಬ ಕೋಷ್ಟಕಗಳ ಸಿದ್ಧಾಂತವನ್ನು ರೂಪಿಸಿದರು. ಎಂಟು ಸಾಲುಗಳ ಅಂತಹ ಒಂದು ಕೋಷ್ಟಕವು ಏಳೂ ಅಂಶಗಳನ್ನು ಒಟ್ಟಿಗೆ ಬದಲಿಸುತ್ತದೆ. ಆದರೆ ಯಾವ ಅಂಶವನ್ನು ತೆಗೆದುಕೊಂಡರೂ ನಾಲ್ಕು ಸುಡುವಿಕೆಗಳಲ್ಲಿ ಅದು ಹಳೆಯ ರೀತಿಯಲ್ಲಿ, ನಾಲ್ಕರಲ್ಲಿ ಹೊಸ ರೀತಿಯಲ್ಲಿ ಇರುತ್ತದೆ, ಮತ್ತು ಈ ನಾಲ್ಕು–ನಾಲ್ಕರ ಗುಂಪುಗಳಲ್ಲಿ ಉಳಿದ ಆರೂ ಅಂಶಗಳು ಸಮಸಮವಾಗಿ ಹಂಚಿಹೋಗಿರುತ್ತವೆ. ಎಂಟೂ ಸುಡುವಿಕೆಗಳು ಏಳೂ ಪ್ರಶ್ನೆಗಳಿಗೆ ದುಡಿಯುತ್ತವೆ. ಒಂದೊಂದಾಗಿ ಬದಲಿಸುವ ಕ್ರಮದಲ್ಲಿ ಇದೇ ನಿಖರತೆ ಬೇಕೆಂದರೆ 32 ಸಲ ಭಟ್ಟಿ ಹಚ್ಚಬೇಕಾಗುತ್ತದೆ.

ನಿಮ್ಮ ಸಮಸ್ಯೆಗೆ ಬಹಳ ಹತ್ತಿರವಾದ ದೃಷ್ಟಾಂತವೂ ಇದೆ. ಜಪಾನಿನ ಇನಾ ಎಂಬ ಟೈಲ್ ಕಂಪನಿಯಲ್ಲಿ 1953ರಲ್ಲಿ ಇದೇ ತೊಂದರೆಯಿತ್ತು. ಭಟ್ಟಿಯೊಳಗೆ ಶಾಖ ಸಮನಾಗಿ ಹರಡದೆ, ಅಂಚಿನ ಟೈಲ್‌ಗಳ ಅಳತೆ ವಿಪರೀತ ಏರುಪೇರಾಗುತ್ತಿತ್ತು. ಭಟ್ಟಿಯನ್ನೇ ಹೊಸದಾಗಿ ಕಟ್ಟುವುದು ದೊಡ್ಡ ಖರ್ಚಿನ ಮಾತಾಗಿತ್ತು. ಅವರು ಏಳು ಅಂಶಗಳನ್ನು ಎಂಟು ಪ್ರಯೋಗಗಳ ಕೋಷ್ಟಕದಲ್ಲಿ ಪರೀಕ್ಷಿಸಿ, ಮಿಶ್ರಣದಲ್ಲಿ ಸುಣ್ಣದ ಕಲ್ಲಿನ ಪ್ರಮಾಣವನ್ನು ಶೇ. 1ರಿಂದ ಶೇ. 5ಕ್ಕೆ ಏರಿಸಿದರೆ ಶಾಖದ ಏರುಪೇರು ಇದ್ದ ಹಾಗೆಯೇ ಇದ್ದರೂ ಟೈಲ್‌ಗಳ ಅಳತೆಯ ಏರುಪೇರು ಬಹಳ ತಗ್ಗುತ್ತದೆ ಎಂದು ಕಂಡುಕೊಂಡರು. ಈ ವಿಧಾನವನ್ನು ಕೈಗಾರಿಕೆಗಳಲ್ಲಿ ಪ್ರಚಾರಕ್ಕೆ ತಂದ ಜಪಾನಿನ ಎಂಜಿನಿಯರ್ ಗೆನಿಚಿ ತಗುಚಿ ಅವರು ಮುಂದೆ ಭಾರತೀಯ ಸಾಂಖ್ಯಿಕ ಸಂಸ್ಥೆಗೂ ಬಂದು ಹೋದವರು. ದಯವಿಟ್ಟು ಆ ಶೇ. 5 ಎಂಬ ಅಂಕಿಯನ್ನು ಮಾಲೂರಿನ ಮಣ್ಣಿಗೆ ನೇರವಾಗಿ ತರಬೇಡಿ. ಅದು ಅವರ ಮಿಶ್ರಣದ ಉತ್ತರ. ನೀವು ತರಬೇಕಾದದ್ದು ಪ್ರಯೋಗದ ಕ್ರಮವನ್ನು. ಎಂಟು ಸುಡುವಿಕೆಗಳ ಸರದಿಯನ್ನು ಚೀಟಿ ಎತ್ತಿ ನಿರ್ಧರಿಸಿ, ಮತ್ತು ಎರಡು ಅಂಶಗಳು ಕೂಡಿದಾಗ ಉಂಟಾಗುವ ಪರಿಣಾಮವು ಇಷ್ಟು ಚಿಕ್ಕ ಕೋಷ್ಟಕದಲ್ಲಿ ಮೂರನೆಯ ಅಂಶದ ಪರಿಣಾಮದಂತೆ ಕಾಣಿಸಬಹುದಾದ್ದರಿಂದ, ಗೆದ್ದ ಜೋಡಣೆಯನ್ನು ಮತ್ತೊಮ್ಮೆ ಸುಟ್ಟು ನೋಡಿದ ಮೇಲೆಯೇ ಒಪ್ಪಿಕೊಳ್ಳಿ.

ಪ್ರಶ್ನೆ: ಇಪ್ಪತ್ತು ವರ್ಷಗಳಿಂದ ಗೂಡು ಕೊಂಡು ರೇಷ್ಮೆ ನೂಲು ತೆಗೆಯುತ್ತಿದ್ದೇನೆ. ಲಾಟ್ ನೋಡಿ ರೆಂಡಿಟ್ಟ ಎಷ್ಟು ಬರಬಹುದೆಂದು ಅಂದಾಜು ಮಾಡುವುದರಲ್ಲಿ ನನಗೆ ಸಾಕಷ್ಟು ಅನುಭವವಿದೆ. ಆದರೂ ಹರಾಜಿನಲ್ಲಿ ನಾನು ಗೆದ್ದ ಲಾಟ್‌ಗಳು ಸಾಮಾನ್ಯವಾಗಿ ನನ್ನ ಅಂದಾಜಿಗಿಂತ ಕಡಿಮೆ ನೂಲನ್ನೇ ಕೊಡುತ್ತವೆ. ಇದು ನನ್ನ ಕಣ್ಣಿನ ದೋಷವೇ, ದುರದೃಷ್ಟವೇ?
— ಓದುಗರು, ಶಿಡ್ಲಘಟ್ಟ

ಉತ್ತರ: ಎರಡೂ ಅಲ್ಲ ಎಂದು ಧೈರ್ಯವಾಗಿ ಹೇಳುತ್ತೇನೆ. ಹರಾಜಿನ ರಚನೆಯಲ್ಲಿಯೇ ಈ ನಷ್ಟ ಅಡಗಿದೆ.

ಒಂದು ಕಿಲೋ ಕಚ್ಚಾ ರೇಷ್ಮೆಗೆ ಎಷ್ಟು ಕಿಲೋ ಗೂಡು ಬೇಕಾಗುತ್ತದೆಯೋ ಅದೇ ರೆಂಡಿಟ್ಟ ಎಂಬುದನ್ನು ಇತರ ಓದುಗರಿಗಾಗಿ ಹೇಳುತ್ತೇನೆ. ಅದು ಕಡಿಮೆಯಾದಷ್ಟೂ ಲಾಭ. ಒಂದು ಲಾಟ್‌ನ ನಿಜವಾದ ರೆಂಡಿಟ್ಟ 7.5 ಎಂದಿಟ್ಟುಕೊಳ್ಳಿ. ಆರು ಮಂದಿ ಅನುಭವಿ ರೀಲರುಗಳು ಹಿಡಿ ಗೂಡು ಎತ್ತಿ, ಅಲುಗಿಸಿ, ಒತ್ತಿ ನೋಡಿ ಅಂದಾಜು ಮಾಡುತ್ತಾರೆ. ಅವರ ಅಂದಾಜುಗಳು ಸರಾಸರಿಯಲ್ಲಿ 7.5 ಆಗಿದ್ದರೂ ಒಬ್ಬರದು 7.9, ಇನ್ನೊಬ್ಬರದು 7.6, ಮತ್ತೊಬ್ಬರದು 7.1 ಹೀಗೆ ಚದುರಿರುತ್ತವೆ. ಎಲ್ಲರ ಖರ್ಚುವೆಚ್ಚ ಒಂದೇ ಬಗೆಯಾಗಿದ್ದರೆ ಅತಿ ಹೆಚ್ಚು ಬೆಲೆ ಕೂಗುವವರು ಯಾರು? 7.1 ಎಂದು ನಂಬಿದವರು. ಅಂದರೆ ಹರಾಜು ಆರು ಅಂದಾಜುಗಳ ಪೈಕಿ ಲಾಟ್‌ನ ಬಗ್ಗೆ ಎಲ್ಲರಿಗಿಂತ ಹೆಚ್ಚು ಆಸೆ ಇಟ್ಟುಕೊಂಡದ್ದನ್ನೇ ಹುಡುಕಿ ಗೆಲ್ಲಿಸುತ್ತದೆ. ನಿಮ್ಮ ಎಲ್ಲ ಅಂದಾಜುಗಳನ್ನೂ ಸೇರಿಸಿ ನೋಡಿದರೆ ಅವು ಸರಿಯಾಗಿಯೇ ಇರಬಹುದು, ಆದರೆ ನೀವು ಗೆದ್ದ ಲಾಟ್‌ಗಳ ಅಂದಾಜುಗಳು ಮಾತ್ರ ಒಂದೇ ದಿಕ್ಕಿಗೆ ವಾಲಿರುತ್ತವೆ.

ಇದರ ಗಾತ್ರವನ್ನೂ ಲೆಕ್ಕ ಹಾಕಬಹುದು. ಆರು ಸ್ವತಂತ್ರ ಅಂದಾಜುಗಳಲ್ಲಿ ಅತಿ ಆಶಾವಾದಿಯಾದದ್ದು ನಿಜವಾದ ರೆಂಡಿಟ್ಟದಿಂದ ಸರಾಸರಿ 1.27 ಮಾನಕ ವಿಚಲನೆಯಷ್ಟು ದೂರವಿರುತ್ತದೆ. ಇಪ್ಪತ್ತು ಮಂದಿ ಕೂಗಿದರೆ ಆ ದೂರ 1.87ಕ್ಕೆ ಏರುತ್ತದೆ. ಅಂದಾಜಿನ ಮಾನಕ ವಿಚಲನೆ 0.3 ಆಗಿದ್ದರೆ ಆರು ಮಂದಿಯ ಹರಾಜಿನಲ್ಲಿ ಗೆದ್ದವರ ತಪ್ಪು ಸುಮಾರು 0.4, ಇಪ್ಪತ್ತು ಮಂದಿಯ ಹರಾಜಿನಲ್ಲಿ ಸುಮಾರು 0.55. ನೂರು ಕಿಲೋ ಗೂಡಿಗೆ ರೆಂಡಿಟ್ಟ 7 ಎಂದು ನಂಬಿ ಕೊಂಡಾಗ 7.5 ಬಂದರೆ 14.3 ಕಿಲೋ ನೂಲಿನ ಬದಲು 13.3 ಕಿಲೋ ಸಿಗುತ್ತದೆ. ಲಾಟ್‌ನ ಲಾಭವೆಲ್ಲ ಆ ಒಂದು ಕಿಲೋದಲ್ಲಿ ಹೋಗಬಹುದು. ಪೈಪೋಟಿ ಹೆಚ್ಚಿದ ದಿನ ಹೆಚ್ಚು ಕೂಗಬೇಕೆಂದು ಮನಸ್ಸು ಹೇಳುತ್ತದೆ, ಗಣಿತವೋ ಆ ದಿನವೇ ಹೆಚ್ಚು ಎಚ್ಚರ ಬೇಕೆನ್ನುತ್ತದೆ. ಅಮೆರಿಕದ ತೈಲ ಕಂಪನಿಯೊಂದರ ಮೂವರು ಎಂಜಿನಿಯರುಗಳು ಸಮುದ್ರದ ತೈಲ ನಿಕ್ಷೇಪಗಳ ಹರಾಜಿನಲ್ಲಿ ಇದೇ ವಿದ್ಯಮಾನವನ್ನು ಗುರುತಿಸಿ 1971ರಲ್ಲಿ ಪ್ರಬಂಧ ಪ್ರಕಟಿಸಿದರು. ಇದಕ್ಕೆ ‘ಗೆದ್ದವನ ಶಾಪ’ ಎಂಬ ಹೆಸರು ಬಂದಿದೆ.

ನೀವು ಇಡಬೇಕಾದ ಪುಸ್ತಕ ಸರಳವಾದದ್ದು. ಗೆದ್ದ ಪ್ರತಿ ಲಾಟ್‌ಗೆ ಕೂಗುವ ಮುಂಚಿನ ಅಂದಾಜು, ಕೂಗಿನಲ್ಲಿದ್ದ ರೀಲರುಗಳ ಸಂಖ್ಯೆ, ಕೊನೆಯಲ್ಲಿ ಬಂದ ರೆಂಡಿಟ್ಟ, ಈ ಮೂರನ್ನು ಬರೆಯಿರಿ. ನಲವತ್ತು ಐವತ್ತು ಲಾಟ್‌ಗಳಾದ ಮೇಲೆ ವ್ಯತ್ಯಾಸದ ಸರಾಸರಿ ತೆಗೆದು, ಮಿಶ್ರತಳಿಗೂ ದ್ವಿತಳಿಗೂ ಬೇರೆ ಬೇರೆಯಾಗಿ, ಮುಂದೆ ಕೂಗುವ ಮುನ್ನವೇ ನಿಮ್ಮ ಅಂದಾಜಿಗೆ ಅದನ್ನು ಕೂಡಿಸಿ. ಇದರಿಂದ ಬೆಳೆಗಾರರಿಗೆ ಅನ್ಯಾಯವಾಗುತ್ತದೆಯೇ ಎಂಬ ಪ್ರಶ್ನೆ ನ್ಯಾಯವಾದದ್ದೇ, ಮತ್ತು ಅದಕ್ಕೆ ಸಂಶೋಧನೆಯಲ್ಲಿ ಒಳ್ಳೆಯ ಉತ್ತರವಿದೆ. ಹರಾಜು ಸಿದ್ಧಾಂತಕ್ಕಾಗಿ 2020ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಪಾಲ್ ಮಿಲ್‌ಗ್ರಾಮ್ ಅವರ ಫಲಿತಾಂಶಗಳ ಪ್ರಕಾರ, ವಸ್ತುವಿನ ಗುಣಮಟ್ಟದ ಮಾಹಿತಿ ಎಲ್ಲ ಕೊಳ್ಳುವವರಿಗೂ ಬಹಿರಂಗವಾಗಿ ಸಿಕ್ಕಿದಷ್ಟೂ ಅವರು ಭಯದಿಂದ ಬೆಲೆ ಇಳಿಸುವುದು ಕಡಿಮೆಯಾಗಿ, ಮಾರುವವರಿಗೆ ಸರಾಸರಿಯಲ್ಲಿ ಹೆಚ್ಚು ಹಣ ಬರುತ್ತದೆ. ಗೂಡಿನ ಪರೀಕ್ಷಾ ಫಲಿತಾಂಶವು ಹರಾಜಿಗೆ ಮೊದಲು ಎಲ್ಲರ ಕಣ್ಣಿಗೆ ಬೀಳುವಂತಿದ್ದರೆ ರೀಲರಿಗೂ ಬೆಳೆಗಾರರಿಗೂ ಒಟ್ಟಿಗೆ ಒಳಿತು ಎಂದು ನಾನು ನಂಬಿದ್ದೇನೆ.

ಪ್ರಶ್ನೆ: ನನ್ನ ತಂದೆಯವರು ಚಿನ್ನದ ಗಣಿಯಲ್ಲಿ ದುಡಿದವರು. ಸ್ಯಾಂಪಲ್‌ನಲ್ಲಿ ಒಳ್ಳೆಯ ಚಿನ್ನ ತೋರಿಸಿದ ಅದಿರು ಮಿಲ್‌ಗೆ ಹೋದ ಮೇಲೆ ಕಡಿಮೆ ಕೊಡುತ್ತಿತ್ತು, ಎಲ್ಲೋ ಮೋಸ ನಡೆದಿರಬೇಕು ಎಂದು ಹೇಳುತ್ತಿದ್ದರು. ಗಣಿತ ಇದಕ್ಕೆ ಏನು ಹೇಳುತ್ತದೆ?
— ಓದುಗರು, ರಾಬರ್ಟ್‌ಸನ್‌ಪೇಟೆ, ಕೆ.ಜಿ.ಎಫ್.

ಉತ್ತರ: ಶಿಡ್ಲಘಟ್ಟದ ಓದುಗರಿಗೆ ಕೊಟ್ಟ ಉತ್ತರವನ್ನು ನೀವೂ ಓದಬೇಕೆಂದು ಕೋರುತ್ತೇನೆ, ಏಕೆಂದರೆ ಭೂಮಿಯ ಕೆಳಗೆ ಮೂರು ಕಿಲೋಮೀಟರಿಗೂ ಆಳದಲ್ಲಿ ಅದೇ ನಿಯಮ ಕೆಲಸ ಮಾಡುತ್ತಿತ್ತು. ನಿಮ್ಮ ತಂದೆಯವರು ಕಂಡದ್ದು ನಿಜ. ಆದರೆ ಅದಕ್ಕೆ ಮೋಸದ ಅಗತ್ಯವಿಲ್ಲ.

ದಕ್ಷಿಣ ಆಫ್ರಿಕದ ವಿಟ್ವಾಟರ್ಸ್‌ರಾಂಡ್ ಚಿನ್ನದ ಗಣಿಗಳಲ್ಲಿ ಡ್ಯಾನಿ ಕ್ರಿಗೆ ಎಂಬ ಗಣಿ ಎಂಜಿನಿಯರ್ ಇದನ್ನೇ ಗಮನಿಸಿದರು ಮತ್ತು 1951ರಲ್ಲಿ ಸಂಖ್ಯಾಶಾಸ್ತ್ರದ ವಿವರಣೆ ಕೊಟ್ಟರು. ಗಣಿಯ ಒಟ್ಟಾರೆ ಸರಾಸರಿ ಟನ್ನಿಗೆ 5 ಗ್ರಾಂ ಎನ್ನೋಣ. ಒಂದು ಬ್ಲಾಕ್‌ನಿಂದ (ಅಗೆಯಲು ಗುರುತಿಸಿದ ಅದಿರಿನ ಭಾಗದಿಂದ) ತೆಗೆದ ಕೆಲವೇ ಸ್ಯಾಂಪಲ್‌ಗಳು 10 ಗ್ರಾಂ ತೋರಿಸಿದರೆ, ಅದರಲ್ಲಿ ಒಂದು ಭಾಗ ಬ್ಲಾಕ್‌ನ ನಿಜವಾದ ಸಿರಿವಂತಿಕೆ, ಇನ್ನೊಂದು ಭಾಗ ಸ್ಯಾಂಪಲ್ ಬಿದ್ದ ಜಾಗದ ಆಕಸ್ಮಿಕ. ಸ್ಯಾಂಪಲ್‌ಗಳ ಏರುಪೇರಿನಲ್ಲಿ ಶೇ. 60 ಮಾತ್ರ ಬ್ಲಾಕ್‌ಗಳ ನಡುವಿನ ನಿಜವಾದ ವ್ಯತ್ಯಾಸವಾಗಿದ್ದರೆ, ಆ ಬ್ಲಾಕ್‌ನಿಂದ ನಿರೀಕ್ಷಿಸಬೇಕಾದದ್ದು 5ಕ್ಕೆ ಮೇಲಿನ 5ರ ಶೇ. 60ನ್ನು ಕೂಡಿಸಿದ 8 ಗ್ರಾಂ. ಸ್ಯಾಂಪಲ್‌ನಲ್ಲಿ ಶ್ರೀಮಂತವಾಗಿ ಕಂಡ ಬ್ಲಾಕ್‌ಗಳನ್ನೇ ಆರಿಸಿ ಮಿಲ್‌ಗೆ ಕಳುಹಿಸುವುದರಿಂದ, ಕಳುಹಿಸಿದ್ದೆಲ್ಲ ಅಂದಾಜಿಗಿಂತ ಕಡಿಮೆ ಕೊಡುವುದು ಸಹಜ. ಇದಕ್ಕಿಂತ ಹೆಚ್ಚು ನೋವಿನ ಸಂಗತಿ ಮತ್ತೊಂದು ಬದಿಯಲ್ಲಿದೆ: 2 ಗ್ರಾಂ ಎಂದು ಕಂಡ ಬ್ಲಾಕ್ ಇದೇ ಲೆಕ್ಕದಲ್ಲಿ 3.2 ಗ್ರಾಂ ಕೊಡಬೇಕು. ಬಡವೆಂದು ಬಿಟ್ಟುಬಂದ ಬ್ಲಾಕ್‌ಗಳು ಮಿಲ್‌ಗೆ ಹೋಗದ ಕಾರಣ ಆ ತಪ್ಪು ಯಾರ ಕಣ್ಣಿಗೂ ಬೀಳುವುದಿಲ್ಲ.

ಕ್ರಿಗೆ ಅವರ ಕೆಲಸವನ್ನು ಫ್ರಾನ್ಸಿನ ಗಣಿತಜ್ಞ ಜಾರ್ಜ್ ಮಾತೆರೋನ್ 1960ರ ದಶಕದಲ್ಲಿ ಪೂರ್ಣ ಸಿದ್ಧಾಂತವಾಗಿ ಬೆಳೆಸಿ, ಅದಕ್ಕೆ ಕ್ರಿಗೆ ಅವರ ಹೆಸರನ್ನೇ ಇಟ್ಟರು. ಹತ್ತಿರದ ಸ್ಯಾಂಪಲ್‌ಗಳಿಗೆ ಹೆಚ್ಚು ತೂಕ, ದೂರದವಕ್ಕೆ ಕಡಿಮೆ ತೂಕ ಕೊಟ್ಟು ಅಂದಾಜು ಮಾಡುವುದರ ಜೊತೆಗೆ, ಆ ಅಂದಾಜು ಎಷ್ಟು ತಪ್ಪಬಹುದೆಂಬುದನ್ನೂ ಈ ವಿಧಾನ ಹೇಳುತ್ತದೆ. ನಿಮ್ಮೂರಿನ ಗಣಿಯ ಕೆಲಸ 2001ರ ಫೆಬ್ರವರಿಯಲ್ಲಿ ನಿಂತಿತು. ಆದರೆ ಊರಿನ ಸುತ್ತಲಿನ ಸೈನೈಡ್ ದಿಬ್ಬಗಳಲ್ಲಿ (ಚಿನ್ನ ತೆಗೆದ ಮೇಲೆ ಸುರಿದ ಅದಿರಿನ ಪುಡಿಯ ರಾಶಿಗಳಲ್ಲಿ) ಉಳಿದಿರುವ ಚಿನ್ನವನ್ನು ತೆಗೆಯುವುದು ಲಾಭವೇ ಎಂಬ ಚರ್ಚೆ ಬಂದಾಗಲೆಲ್ಲ, ಎಷ್ಟು ಚಿನ್ನವಿದೆ ಎಂಬ ಒಂದೇ ಅಂಕಿಯನ್ನು ಕೇಳಿ ಸುಮ್ಮನಾಗದೆ, ಆ ಅಂಕಿ ಎಷ್ಟು ಕೊಳವೆ ಸ್ಯಾಂಪಲ್‌ಗಳ ಮೇಲೆ ನಿಂತಿದೆ, ಎಷ್ಟರ ಮಟ್ಟಿಗೆ ತಪ್ಪಬಹುದು ಎಂಬುದನ್ನೂ ಊರಿನವರು ಕೇಳಬೇಕು.

ಪ್ರಶ್ನೆ: ಗಣಿತದಲ್ಲಿ ಎಂ.ಎಸ್ಸಿ. ಓದುತ್ತಿದ್ದೇನೆ. ಕೈಗಾರಿಕೆಗೆ ಉಪಯೋಗವಾಗುವ ಸಂಶೋಧನೆ ಮಾಡಬೇಕೆಂಬ ಆಸೆಯಿದೆ. ಎಲ್ಲಿಂದ ಶುರು ಮಾಡಲಿ?
— ವಿದ್ಯಾರ್ಥಿನಿ, ತುಮಕೂರು

ಉತ್ತರ: ನಿಮ್ಮ ಪಠ್ಯಕ್ರಮದ ಬೀಜಗಣಿತವನ್ನು ಉಪಯೋಗವಿಲ್ಲದ್ದೆಂದು ದೂರ ಇಡಬೇಡಿ. ಮೇಲೆ ಹೇಳಿದ ರಾವ್ ಅವರ ಕೋಷ್ಟಕಗಳನ್ನು ಕಟ್ಟುವುದಕ್ಕೆ ಪರಿಮಿತ ಕ್ಷೇತ್ರಗಳ ಸಿದ್ಧಾಂತವೇ ಆಧಾರ. ಹಾಗೆಯೇ ಸಣ್ಣ ಮಾದರಿಗಳ ಸಿದ್ಧಾಂತ ಹುಟ್ಟಿದ್ದು ಒಂದು ಕಾರ್ಖಾನೆಯಲ್ಲಿ: ಐರ್ಲೆಂಡಿನ ಗಿನ್ನೆಸ್ ಮದ್ಯದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ವಿಲಿಯಂ ಗಾಸೆಟ್, ಕೆಲವೇ ಅಳತೆಗಳಿಂದ ಎಷ್ಟು ಧೈರ್ಯವಾಗಿ ತೀರ್ಮಾನಿಸಬಹುದೆಂಬ ಪ್ರಶ್ನೆಗೆ ಉತ್ತರ ಹುಡುಕಿ 1908ರಲ್ಲಿ ‘ಸ್ಟೂಡೆಂಟ್’ ಎಂಬ ಗುಪ್ತನಾಮದಲ್ಲಿ ಪ್ರಕಟಿಸಿದರು. ನೀವು ಓದುವ ಟಿ-ಪರೀಕ್ಷೆ ಅದೇ.

ವಸಂತನರಸಾಪುರದಲ್ಲೋ ಅಂತರಸನಹಳ್ಳಿಯಲ್ಲೋ ಒಂದು ಘಟಕದ ಪರಿಚಯ ಮಾಡಿಕೊಳ್ಳಿ. ಹೋದ ಕೂಡಲೇ ದತ್ತಾಂಶ ಕೊಡಿ ಎಂದು ಕೇಳುವ ರೂಢಿ ಸರಿಯಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ವಾರಕ್ಕೊಮ್ಮೆ ಇಲ್ಲಿ ಯಾವ ನಿರ್ಧಾರ ಆಗುತ್ತದೆ, ಅದನ್ನು ಯಾರು ಮಾಡುತ್ತಾರೆ, ಒಂದು ಬದಿಗೆ ತಪ್ಪಿದರೆ ನಷ್ಟ ಎಷ್ಟು, ಇನ್ನೊಂದು ಬದಿಗೆ ತಪ್ಪಿದರೆ ಎಷ್ಟು, ಇವನ್ನು ಮೊದಲು ಕೇಳಿ. ಆ ನಾಲ್ಕಕ್ಕೆ ಉತ್ತರ ಸಿಕ್ಕಿದ ಮೇಲೆ ಯಾವ ದತ್ತಾಂಶ ಬೇಕೆಂಬುದು ತಾನಾಗಿ ತಿಳಿಯುತ್ತದೆ. ಆಕ್ಸ್‌ಫರ್ಡ್‌ನಲ್ಲಿ 1968ರಲ್ಲಿ ಆರಂಭವಾದ ಅಧ್ಯಯನ ಕೂಟಗಳಲ್ಲಿ ಕಂಪನಿಗಳವರು ತಮ್ಮ ಬಿಡಿಸಲಾಗದ ಸಮಸ್ಯೆಗಳನ್ನು ತಂದು ಮುಂದಿಡುತ್ತಾರೆ, ಗಣಿತಜ್ಞರು ಒಂದು ವಾರ ಅವರ ಜೊತೆ ಕುಳಿತು ಬಿಡಿಸುತ್ತಾರೆ. ನಮ್ಮ ಜಿಲ್ಲೆಯ ಕಾಲೇಜುಗಳು ವರ್ಷಕ್ಕೊಮ್ಮೆ ಅಂತಹ ಒಂದು ವಾರವನ್ನು ಏರ್ಪಡಿಸಲು ದೊಡ್ಡ ಅನುದಾನ ಬೇಕಾಗಿಲ್ಲ. ಲೆಕ್ಕಕ್ಕೆ ‘ಆರ್’ ಮತ್ತು ‘ಪೈಥಾನ್’ ಎಂಬ ಕಂಪ್ಯೂಟರ್ ಭಾಷೆಗಳು ಉಚಿತವಾಗಿ ಸಿಗುತ್ತವೆ. ಮತ್ತೊಂದು ಮಾತು: ನಿಮ್ಮ ಫಲಿತಾಂಶವನ್ನು ಶಿಫ್ಟ್ ಸೂಪರ್‌ವೈಸರ್ ಓದಿ ಒಪ್ಪುವಂತೆ ಒಂದು ಪುಟದ ಕನ್ನಡದಲ್ಲಿ ಬರೆಯುವುದನ್ನು ರೂಢಿಸಿಕೊಳ್ಳಿ, ಯಂತ್ರದ ಗುಂಡಿ ಒತ್ತುವುದು ಅವರೇ.

ಪ್ರಶ್ನೆ: ನಾನು ಗೋದಾಮಿನ ಮೇಲ್ವಿಚಾರಕ. ನಮ್ಮಲ್ಲಿ ಲಾರಿಗಳಿಂದ ಸರಕು ಇಳಿಸುವ ಒಂದೇ ಡಾಕ್ ಇದೆ. ಲಾರಿಗಳು ಗಂಟೆಗಟ್ಟಲೆ ಕಾಯುತ್ತವೆ. ಡಾಕ್ ಶೇ. 10ರಷ್ಟು ಹೊತ್ತು ಖಾಲಿಯೇ ಇರುವುದರಿಂದ ಎರಡನೆಯದು ಬೇಡ ಎನ್ನುತ್ತಾರೆ ಮೇಲಿನವರು. ಅವರ ಮಾತು ಸರಿಯೇ?
— ಓದುಗರು, ನರಸಾಪುರ, ಕೋಲಾರ

ಉತ್ತರ: ಸರಿಯಲ್ಲ. ಕೋಪನ್‌ಹೇಗನ್ನಿನ ದೂರವಾಣಿ ಕಂಪನಿಯಲ್ಲಿದ್ದ ಎರ್ಲಾಂಗ್ ಅವರು 1909ರಲ್ಲಿ ಆರಂಭಿಸಿದ ಸರತಿ ಸಾಲಿನ ಗಣಿತವು ಈ ತಪ್ಪು ತಿಳಿವಳಿಕೆಯನ್ನು ಸ್ಪಷ್ಟವಾಗಿ ನಿವಾರಿಸುತ್ತದೆ. ಲಾರಿಗಳು ಗೊತ್ತುಗುರಿಯಿಲ್ಲದ ಹೊತ್ತಿನಲ್ಲಿ ಬರುತ್ತಿದ್ದು, ಇಳಿಸುವ ಸಮಯವೂ ಬಹಳ ಏರುಪೇರಾಗುತ್ತಿದ್ದು, ಸರಾಸರಿ 30 ನಿಮಿಷ ಹಿಡಿಯುತ್ತದೆ ಎನ್ನೋಣ. ಡಾಕ್ ಶೇ. 80ರಷ್ಟು ಹೊತ್ತು ದುಡಿಯುತ್ತಿದ್ದರೆ ಸರಾಸರಿ ಕಾಯುವಿಕೆ 2 ಗಂಟೆ; ಶೇ. 90 ಆದರೆ ನಾಲ್ಕೂವರೆ ಗಂಟೆ, ಶೇ. 95 ಆದರೆ ಒಂಬತ್ತೂವರೆ ಗಂಟೆ. ಅಷ್ಟೇ ಲಾರಿಗಳಿಗೆ ಎರಡನೆಯ ಡಾಕ್ ಸೇರಿಸಿ, ಎರಡಕ್ಕೂ ಒಂದೇ ಸಾಲು ಇಟ್ಟರೆ ನಾಲ್ಕೂವರೆ ಗಂಟೆಯ ಕಾಯುವಿಕೆ ಸುಮಾರು 8 ನಿಮಿಷಕ್ಕೆ ಇಳಿಯುತ್ತದೆ. ರಾತ್ರಿ ಕೆಲಸ ನಿಲ್ಲಿಸುವ ಗೋದಾಮಿನಲ್ಲಿ ಸಾಲು ಇಷ್ಟು ಬೆಳೆಯಲು ಹೊತ್ತು ಸಿಗದಿರಬಹುದು; ಆದರೂ ದಿಕ್ಕು ಇದೇ.

ಡಾಕ್ ಕಟ್ಟಿಸುವ ಮೊದಲು ಖರ್ಚಿಲ್ಲದ ಎರಡು ಉಪಾಯಗಳನ್ನು ನೋಡಿ. ಇಳಿಸುವ ಸಮಯ ಎಲ್ಲ ಲಾರಿಗೂ ಒಂದೇ ಸಮನಾದರೆ, ಸರಾಸರಿ 30 ನಿಮಿಷವೇ ಉಳಿದರೂ, ಕಾಯುವಿಕೆ ಅರ್ಧವಾಗುತ್ತದೆ. ಲಾರಿಗಳಿಗೆ ಮೊದಲೇ ಹೊತ್ತು ಗೊತ್ತುಮಾಡಿ ಕೊಟ್ಟರೆ ಇನ್ನಷ್ಟು ಇಳಿಯುತ್ತದೆ. ಚಾಲಕರು ಊಟ ನಿದ್ರೆಯಿಲ್ಲದೆ ರಸ್ತೆಬದಿಯಲ್ಲಿ ಕಾಯುವ ಗಂಟೆಗಳಿಗೆ ನಮ್ಮ ಲೆಕ್ಕಪುಸ್ತಕಗಳಲ್ಲಿ ಬೆಲೆ ನಮೂದಾಗುವುದಿಲ್ಲ ಎಂಬುದೇ ಮೇಲಿನವರ ವಾದಕ್ಕೆ ಬಲ ಕೊಟ್ಟಿದೆ. ಆ ಗಂಟೆಗಳನ್ನು ಬರೆದಿಟ್ಟು ತೋರಿಸಿ.

ಪ್ರಶ್ನೆ: ನಮ್ಮ ಬೇಕರಿಯಲ್ಲಿ ದಿನಕ್ಕೆ ಸರಾಸರಿ 100 ಬ್ರೆಡ್ ಹೋಗುತ್ತವೆ. 100 ಮಾಡಿದರೆ ಕೆಲವು ದಿನ ಉಳಿಯುತ್ತವೆ, ಕೆಲವು ದಿನ ಸಾಲುವುದಿಲ್ಲ. ಎಷ್ಟು ಮಾಡಬೇಕು?
— ಓದುಗರು, ಚಿಕ್ಕಬಳ್ಳಾಪುರ

ಉತ್ತರ: ಸರಾಸರಿಯನ್ನು ಬದಿಗಿಟ್ಟು, ಒಂದು ಬ್ರೆಡ್ ಸಾಲದಿದ್ದರೆ ಎಷ್ಟು ನಷ್ಟ, ಒಂದು ಉಳಿದರೆ ಎಷ್ಟು ನಷ್ಟ ಎಂದು ಬರೆದುಕೊಳ್ಳಿ. ತಯಾರಿಕೆಗೆ 25 ರೂಪಾಯಿ, ಮಾರಾಟದ ಬೆಲೆ 40 ರೂಪಾಯಿ, ಉಳಿದದ್ದು 5 ರೂಪಾಯಿಗೆ ಹೋಗುತ್ತದೆ ಎಂದಾದರೆ, ಸಾಲದಿದ್ದಾಗಿನ ನಷ್ಟ 15, ಉಳಿದಾಗಿನ ನಷ್ಟ 20. ಮೊದಲನೆಯದನ್ನು ಎರಡರ ಮೊತ್ತದಿಂದ ಭಾಗಿಸಿದರೆ 0.43 ಬರುತ್ತದೆ. ಅಂದರೆ ನೂರು ದಿನಗಳ ಬೇಡಿಕೆಯನ್ನು ಕಡಿಮೆಯಿಂದ ಹೆಚ್ಚಿಗೆ ಜೋಡಿಸಿ 43ನೆಯ ದಿನದ ಅಂಕಿಯಷ್ಟು ಮಾಡಬೇಕು. ಅದು ಸಾಮಾನ್ಯವಾಗಿ ಸರಾಸರಿಗಿಂತ ಕಡಿಮೆಯಿರುತ್ತದೆ. ಉಳಿದ ಬ್ರೆಡ್ಡನ್ನು ರಸ್ಕ್ ಮಾಡಿ 18 ರೂಪಾಯಿಯಾದರೂ ಗಿಟ್ಟಿಸಬಲ್ಲಿರಾದರೆ ಉಳಿದಾಗಿನ ನಷ್ಟ 7ಕ್ಕೆ ಇಳಿದು, ಅನುಪಾತ 0.68 ಆಗುತ್ತದೆ, ಆಗ 68ನೆಯ ದಿನದ ಅಂಕಿಯಷ್ಟು ಮಾಡುವುದು ಸರಿ. ಗಿರಾಕಿಗಳ ಬೇಡಿಕೆ ಒಂದಿಷ್ಟೂ ಬದಲಾಗದಿದ್ದರೂ ರಸ್ಕ್‌ನಿಂದಾಗಿ ಬ್ರೆಡ್ಡಿನ ಸಂಖ್ಯೆ ಬದಲಾಗುವುದನ್ನು ಗಮನಿಸಿ.

ಹಳೆಯ ಪುಸ್ತಕದಿಂದ ಅಂಕಿ ತೆಗೆಯುವಾಗ ಒಂದು ವಿಷಯ ನೆನಪಿರಲಿ. ಬ್ರೆಡ್ ಮುಗಿದುಹೋದ ದಿನಗಳಲ್ಲಿ ನಿಮ್ಮ ಪುಸ್ತಕ ಮಾರಾಟವನ್ನು ತೋರಿಸುತ್ತದೆಯೇ ಹೊರತು ಬೇಡಿಕೆಯನ್ನಲ್ಲ. ಬರಿಗೈಯಲ್ಲಿ ಹಿಂದಿರುಗಿದವರ ಲೆಕ್ಕ ಅದರಲ್ಲಿ ಇಲ್ಲ. ಇಂದಿನಿಂದ ಬ್ರೆಡ್ ಎಷ್ಟು ಗಂಟೆಗೆ ಮುಗಿಯಿತು ಎಂಬುದನ್ನೂ ಬರೆದಿಡಿ. ಸಂಜೆ ಐದಕ್ಕೇ ಮುಗಿದ ದಿನಕ್ಕೂ ರಾತ್ರಿ ಒಂಬತ್ತಕ್ಕೆ ಮುಗಿದ ದಿನಕ್ಕೂ ಒಂದೇ ಅಂಕಿ ಇದ್ದರೆ, ಮೊದಲನೆಯ ದಿನದ ನಿಜವಾದ ಬೇಡಿಕೆಯನ್ನು ಇತರ ದಿನಗಳ ಸಂಜೆಯ ಮಾರಾಟ ನೋಡಿ ಏರಿಸಿಕೊಳ್ಳಬೇಕು.